ಇಂಗ್ಲಿಷ್ ಪಾಠಕ್ಕೆ ಹನ್ನೊಂದು ಪ್ರದಕ್ಷಿಣೆ

ಅರಸೀಕೆರೆಯ ಹೆಡ್‌ಮಾಸ್ಟರು ನನ್ನ ಯೋಗ್ಯತಾಪತ್ರಗಳನ್ನು ಒಂದೊಂದಾಗಿ ಓದಿದರು. ಮೂಲೆಗೆ ಮೂಲೆ ಸರಿಯಾಗಿ ಜೋಡಿಸಿದರು. ಆಮೇಲೆ ನನ್ನ ಕೈಗೇ ವಾಪಸ್ಸು ಕೊಟ್ಟರು. ಒಟ್ಟು ಒಂಬತ್ತು ಪತ್ರಗಳಿದ್ದವು. ಬರೆದವರೆಲ್ಲ ದೊಡ್ಡವರು. ಒಂಬತ್ತು ಜನವೂ ನಾನು ಸಭ್ಯ, ಶ್ರಮಜೀವಿ, ಒಳ್ಳೆಯ ಮನೆತನದವನು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೊಗಳಿದ್ದರು.

"ಕಾಗದ ಎಲ್ಲಾ ಚೆನ್ನಾಗಿವೆ ಕಣಯ್ಯ," ಅಂದರು. "ಆದ್ರೆ ಇವನ್ನ ಯಾರ ಹೆಸರಿಗೆ ಬೇಕಾದ್ರೂ ಬರೀಬಹುದು. ನಿನಗೆ ಪಾಠ ಹೇಳೋಕೆ ಬರುತ್ತೋ ಇಲ್ವೋ ಅನ್ನೋದು ಒಂದರಲ್ಲೂ ಇಲ್ಲ."

ನಾನು ನಿಂತೇ ಇದ್ದೆ. ಆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇತ್ತು, ಆದರೆ ಕೆಲಸ ಕೇಳಲು ಬಂದವರಿಗೆ ಅವರು ಅದನ್ನು ತೋರಿಸುತ್ತಿರಲಿಲ್ಲ. ಜೂನ್‌ನಲ್ಲಿ ಇಂಗ್ಲಿಷ್ ಮೇಷ್ಟರ ಒಂದು ಜಾಗ ಖಾಲಿಯಾಗುತ್ತದೆ, ಅದಕ್ಕೆ ಆಗಲೇ ಎಂಟು ಅರ್ಜಿ ಬಂದಿವೆ ಎಂದರು. ನನ್ನ ಮುಖ ಬಿದ್ದುಹೋದದ್ದನ್ನು ನೋಡಿ ಕನಿಕರ ಬಂತೇನೋ. "ಬೇಲೂರಿನ ಅಮಲ್ದಾರ್ರು ಯಾರನ್ನೋ ಹುಡುಕ್ತಾ ಇದ್ದಾರಂತೆ, ಇಂಗ್ಲಿಷ್ ಹೇಳಿಕೊಡೋಕೆ. ಶಾಲೆ ಮಕ್ಕಳಿಗಲ್ಲ. ಹೋಗಿ ನೋಡು," ಅಂದರು.

ಎರಡನೆಯ ಮಹಾಯುದ್ಧಕ್ಕೆ ಆಗ ಇನ್ನೂ ನಾಲ್ಕೈದು ವರ್ಷವಿತ್ತು. ನಾನು ಇಂಟರ್‌ಮೀಡಿಯೆಟ್ ಪಾಸು ಮಾಡಿ ಬಾಣಾವರದ ನಮ್ಮ ಮನೆಯ ಜಗುಲಿಯ ಮೇಲೆ ಒಂದು ವರ್ಷ ಕೂತಿದ್ದೆ. ಶಾಲೆ ತೆರೆಯುವ ಹೊತ್ತಿಗೆ ಮೇಷ್ಟರ ಕೆಲಸ ಸಿಗದಿದ್ದರೆ ಅರಸೀಕೆರೆಯಲ್ಲಿದ್ದ ಸೋದರಮಾವನ ಕೊಬ್ಬರಿ ಮಂಡಿಗೆ ಸೇರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವ ಒಳ್ಳೆಯವನೇ. ಆದರೆ ಆ ಮಂಡಿಯ ಕಮಟು ವಾಸನೆಯಲ್ಲಿ ಹತ್ತು ನಿಮಿಷ ಕೂತರೆ ನನಗೆ ತಲೆ ಸುತ್ತುತ್ತಿತ್ತು. ನಾನು ಓದಿದ ಇಂಗ್ಲಿಷೆಲ್ಲ ಕೊಬ್ಬರಿ ಚೀಲದ ಮೇಲಿನ ವಿಳಾಸಕ್ಕೆ ಮುಗಿದುಹೋಗುತ್ತದಲ್ಲ ಎಂದು ನೆನೆದಾಗಲೆಲ್ಲ ಅಳು ಬರುತ್ತಿತ್ತು. ಮಾರನೆಯ ದಿನವೇ ಜಾವಗಲ್ಲಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು ಹತ್ತಿದೆ.

ಅಮಲ್ದಾರರು ತಾಲ್ಲೂಕಿಗೆ ದೊಡ್ಡ ಅಧಿಕಾರಿ, ಚುರುಕು ಮನುಷ್ಯ. "ಮೇ ಕೊನೇಲಿ ಬೆಂಗಳೂರಿಂದ ಬಿಳೀ ಅತಿಥಿಗಳು ಬರ್ತಾರೆ. ಪ್ರತಿ ಸಲಾನೂ ದೇವಸ್ಥಾನದವರು ಗರುಡಗಂಬದ ಹಾಗೆ ನಿಂತಿರ್ತಾರೆ, ನಮ್ಮ ಗುಮಾಸ್ತ ಏನೋ ಒದರ್ತಾನೆ. ಈ ಸಲ ದೇವಸ್ಥಾನದವರೇ ಇಂಗ್ಲಿಷಲ್ಲಿ ತೋರಿಸಬೇಕು. ಎರಡು ತಿಂಗಳು ಟೈಮಿದೆ. ನೀವು ಇದನ್ನ ದಡ ಮುಟ್ಟಿಸಿದ್ರೆ ಅರಸೀಕೆರೆ ಹೆಡ್‌ಮಾಸ್ಟರಿಗೆ ನಾನೇ ಕಾಗದ ಬರೀತೀನಿ," ಅಂದರು. ಅಮಲ್ದಾರರ ಕಾಗದವೆಂದರೆ ಕೆಲಸ ಸಿಕ್ಕಿದ ಹಾಗೆಯೇ. ನಾನು ತಲೆಯಾಡಿಸಿದೆ. ಊಟ, ವಸತಿ ಹಿರಿಯ ಅರ್ಚಕರ ಮನೆಯಲ್ಲೆಂದು ಗೊತ್ತಾಯಿತು.

ಶಿಷ್ಯರು ಇಬ್ಬರು. ಒಬ್ಬರು ಆ ಹಿರಿಯ ಅರ್ಚಕರು. ಅರವತ್ತು ದಾಟಿದ ವಯಸ್ಸು, ಸಣಕಲು ಮೈ, ಮಂಡಿ ನೋವು, ಕಂಚಿನ ಗಂಟೆಯಂಥ ದನಿ. ಇನ್ನೊಬ್ಬ ಹಳೇಬೀಡಿನ ಗುಡಿಯ ಕಾವಲುಗಾರ, ಅಲ್ಲಿಯವನೇ ಒಕ್ಕಲುಮಗ. ಅವನಿಗೆ ವಾರಕ್ಕೊಮ್ಮೆ, ಶುಕ್ರವಾರ, ನಾನೇ ಬಸ್ಸಿನಲ್ಲಿ ಹೋಗಿ ಪಾಠ ಹೇಳಬೇಕಾಗಿತ್ತು.

ಮೊದಲ ವಾರ ನಾನು ಮಾಡಿದ್ದು ಶುದ್ಧ ದಡ್ಡತನ. ಮಕ್ಕಳ ಪ್ರೈಮರ್ ತಂದು, ಸ್ಲೇಟಿನ ಮೇಲೆ ಎ, ಬಿ, ಸಿ ಬರೆದು ಅರ್ಚಕರ ಮುಂದೆ ಹಿಡಿದೆ. ಅವರು ಕನ್ನಡಕದ ದಾರ ಕಿವಿಗೆ ಸುತ್ತಿಕೊಂಡು, ಸ್ಲೇಟನ್ನು ಹತ್ತಿರ ತಂದು, ದೂರ ಹಿಡಿದು, ಬೆವರಿದರು. ಆರನೆಯ ದಿನ ಸ್ಲೇಟನ್ನು ಮೆಲ್ಲಗೆ ಕೆಳಗಿಟ್ಟು, "ಮೇಷ್ಟ್ರೇ, ಅಕ್ಷರ ಬೇಡ, ಬಾಯಲ್ಲಿ ಹೇಳಿ. ಈ ಜನ್ಮದಲ್ಲಿ ನಾನು ಕಲಿತದ್ದೆಲ್ಲ ಕಿವಿಯಿಂದಲೇ," ಅಂದರು.

ವೇದ ಕಲಿಸುವವರು ಸಂಥೆ ಹೇಳಿಕೊಡುತ್ತಾರೆ. ಗುರು ಒಂದು ಸಲ ಹೇಳಿದರೆ ಶಿಷ್ಯ ಎರಡು ಸಲ ಹೇಳಬೇಕು. ನಾನೂ ಹಾಗೆಯೇ ಶುರು ಮಾಡಿದೆ. ಪಾಠದ ಮೊದಲ ವಾಕ್ಯ, "ಪ್ಲೀಸ್ ವಾಕ್ ಬಿಹೈಂಡ್ ಮಿ, ಸರ್." ದಯವಿಟ್ಟು ನನ್ನ ಹಿಂದೆ ಬನ್ನಿ ಎಂದು ಕನ್ನಡದಲ್ಲಿ ಅರ್ಥ ಹೇಳಿದೆ. ಅವರು ಕಣ್ಣು ಮುಚ್ಚಿ ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಿಸಬೇಕಾಗಲಿಲ್ಲ. ನಾನು ದಿನಕ್ಕೆ ಮೂರು ವಾಕ್ಯ ಅಂದುಕೊಂಡಿದ್ದರೆ ಅವರು ಹತ್ತು ನುಂಗಿದರು. ಕಷ್ಟ ಎರಡೇ. ಇಂಗ್ಲಿಷಿಗೂ ಮಂತ್ರದ ಏರಿಳಿತ ಬಂದುಬಿಟ್ಟಿತು. ಅದನ್ನು ಬಿಡಿಸಲು ಹೋಗಿ ನಾನೇ ಸೋತೆ. ಇನ್ನೊಂದು, ಮಧ್ಯದಲ್ಲಿ ಯಾರಾದರೂ ತಡೆದರೆ ಅವರು "ಪ್ಲೀಸ್ ವಾಕ್ ಬಿಹೈಂಡ್ ಮಿ"ಯಿಂದಲೇ ಮತ್ತೆ ಆರಂಭಿಸುತ್ತಿದ್ದರು.

ಪಾಠವನ್ನು ನಾನೇ ಬರೆದಿದ್ದೆ, ಅದರ ಬಗ್ಗೆ ಜಂಬವೂ ಇತ್ತು. ಒಂದು ಬೆಳಗ್ಗೆ ನೋಟ್‌ಬುಕ್ಕು ಹಿಡಿದು ದೇವಸ್ಥಾನದ ಪೂರ್ವದ ಬಾಗಿಲ ಮುಂದೆ ನಿಂತು, ಗೋಡೆಗೆ ಮುಖ ಮಾಡಿ, ಪುಸ್ತಕದ ಸಾಲು ಓದುವ ಹಾಗೆ ಎಡದಿಂದ ಬಲಕ್ಕೆ ಸರಿಯುತ್ತ ಹೋದೆ. ಬಾಗಿಲು, ಅದರ ಬಲಕ್ಕೆ ಒಂದು ಮದನಿಕೆ, ಇನ್ನೂ ಬಲಕ್ಕೆ ಆನೆಗಳ ಸಾಲು. ಹೀಗೆ ಗುಡಿಯನ್ನು ಪೂರ್ತಿ ಸುತ್ತಿ ಬರುವಷ್ಟರಲ್ಲಿ ಹನ್ನೆರಡು ನಿಲುಗಡೆ, ಹನ್ನೆರಡು ಪಾಠ. ಹಳೇಬೀಡಿಗೂ ಅದೇ ಅಚ್ಚು.

ಅರ್ಚಕರಿಗೆ ಬಿಡುವು ಸಿಗುತ್ತಿದ್ದುದು ಮಧ್ಯಾಹ್ನದ ನೈವೇದ್ಯವಾಗಿ ಬಾಗಿಲು ಹಾಕಿದ ಮೇಲೆ. ಆ ಹೊತ್ತಿನಲ್ಲಿ ಗುಡಿಯ ಸುತ್ತಲಿನ ಜಗತಿಕಟ್ಟೆಯ ಕಲ್ಲು ಕಾದ ಹೆಂಚು. ಬರಿಗಾಲಿನಲ್ಲಿ ಯಾರೂ ಹೆಜ್ಜೆ ಇಡುವ ಹಾಗಿರಲಿಲ್ಲ. ಹಾಗಾಗಿ ಎರಡು ತಿಂಗಳ ಪಾಠವೆಲ್ಲ ಮಂಟಪದ ನೆರಳಿನಲ್ಲಿ ಕೂತೇ ನಡೆಯಿತು. ಒಂದು ದಿನವೂ ಅವರ ಜೊತೆ ಗೋಡೆಯ ಪಕ್ಕ ನಡೆದು ನೋಡಲಿಲ್ಲ. ಸಂಜೆ ಅವರ ಹೆಂಡತಿ ಕೊಡುತ್ತಿದ್ದ ಒಗ್ಗರಣೆ ಅವಲಕ್ಕಿ ತಿನ್ನುತ್ತ, ಮುದುಕರ ನೆನಪಿನ ಶಕ್ತಿಯನ್ನು ನನ್ನ ಪಾಠದ ಶಕ್ತಿಯೆಂದೇ ತಿಳಿದು, ಅರಸೀಕೆರೆಯ ಶಾಲೆಯಲ್ಲಿ ಯಾವ ಕೋಟು ಹಾಕಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ.

ಅತಿಥಿಗಳು ಬರುವುದಕ್ಕೆ ಎಂಟು ದಿನ ಮುಂಚೆ ಅಮಲ್ದಾರರು ಪರೀಕ್ಷೆಗೆ ಬಂದರು. ಸಂಜೆ ನಾಲ್ಕು ಗಂಟೆ, ಕಲ್ಲು ಇನ್ನೂ ಆರಿರಲಿಲ್ಲ. ಅರ್ಚಕರು ಮಡಿಪಂಚೆ ಉಟ್ಟು ಪೂರ್ವದ ಬಾಗಿಲಲ್ಲಿ ನಿಂತು, "ಪ್ಲೀಸ್ ವಾಕ್ ಬಿಹೈಂಡ್ ಮಿ, ಸರ್," ಎಂದು ಗಂಟೆ ಬಾರಿಸಿದ ಹಾಗೆ ಶುರು ಮಾಡಿದರು. ಬಾಗಿಲ ಪಾಠ ಸೊಗಸಾಗಿ ಬಂತು. ಅಮಲ್ದಾರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಎರಡನೆಯ ಪಾಠದ ಮದನಿಕೆ ನಾಲ್ಕು ಹೆಜ್ಜೆ ಬಲಕ್ಕೆ ಇತ್ತು. ಅರ್ಚಕರು ಎಡಕ್ಕೆ ತಿರುಗಿ ನಡೆದೇಬಿಟ್ಟರು. ದಕ್ಷಿಣದ ಗೋಡೆ ದಾಟಿದರು, ಪಶ್ಚಿಮ ದಾಟಿದರು, ಉತ್ತರವನ್ನೂ ದಾಟಿ, ಇಡೀ ಗುಡಿಯನ್ನು ಸುತ್ತಿ ಆ ಮದನಿಕೆಯ ಕೆಳಗೆ ಬಂದು ನಿಂತು ಎರಡನೆಯ ಪಾಠ ಒಪ್ಪಿಸಿದರು. ಮೂಲೆ ಮೂಲೆಯಾದ ಆ ಗೋಡೆಯ ಗುಂಟ ಒಂದು ಸುತ್ತೆಂದರೆ ಸಣ್ಣ ದಾರಿಯಲ್ಲ. ಅಮಲ್ದಾರರು ಅದನ್ನು ಭಕ್ತಿಯೆಂದು ತಿಳಿದು ಸುಮ್ಮನಿದ್ದರು. ಮೂರನೆಯ ಪಾಠದ ಆನೆಗಳು ಅಲ್ಲೇ ಪಕ್ಕದಲ್ಲಿ, ಮತ್ತೆ ಬಲಕ್ಕೆ. ಅರ್ಚಕರು ಮತ್ತೆ ಎಡಕ್ಕೆ ಹೊರಟರು. ಬರಿಗಾಲಿನ ಅಮಲ್ದಾರರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಪ್ಪಳಿಸುತ್ತ ಹಿಂದೆ ಹೋದರು. ಆ ಎರಡನೆಯ ಸುತ್ತಿನ ಮಧ್ಯದಲ್ಲಿ ನಿಂತೇಬಿಟ್ಟರು.

"ಏನ್ರೀ ಇದು! ಆನೆ ಅಲ್ಲೇ ಇತ್ತಲ್ಲ, ಮದನಿಕೆ ಪಕ್ಕದಲ್ಲೇ. ಬಲಕ್ಕೆ ಹೋದ್ರೆ ನಾಲ್ಕು ಹೆಜ್ಜೆ!"

"ಅಪ್ರದಕ್ಷಿಣ ಆಗುತ್ತೆ, ಸ್ವಾಮಿ," ಅಂದರು ಅರ್ಚಕರು, ತಗ್ಗಿದ ದನಿಯಲ್ಲಿ.

ಆಗ ನನಗೆ ಹೊಳೆಯಿತು. ದೇವರನ್ನು ಬಲಗಡೆ ಇಟ್ಟುಕೊಂಡೇ ಸುತ್ತಬೇಕು. ಗೋಡೆಗೆ ಮುಖ ಮಾಡಿ ನಿಂತವನು ಎಡಕ್ಕೇ ಸರಿಯಬೇಕು. ನಾನು ಪುಸ್ತಕ ಓದುವ ಹಾಗೆ ಬಲಕ್ಕೆ ಸರಿದು ಇಡೀ ಪಾಠವನ್ನು ಅಪ್ರದಕ್ಷಿಣವಾಗಿ ಬರೆದಿದ್ದೆ. ಹುಟ್ಟಿದಾಗಿನಿಂದ ಆ ದೇವರಿಗೆ ಒಂದು ಹೆಜ್ಜೆಯನ್ನೂ ಎದುರು ಇಡದ ಮನುಷ್ಯ, ನನ್ನ ಹನ್ನೆರಡು ಪಾಠ ಮುಗಿಸಲು ಹನ್ನೊಂದು ಪ್ರದಕ್ಷಿಣೆ ಹಾಕಲು ಹೊರಟಿದ್ದರು.

"ಬಿಳೀ ಹೆಂಗಸರನ್ನ ಹನ್ನೊಂದು ಸುತ್ತು ಸುತ್ತಿಸ್ತೀರಾ?" ಅಮಲ್ದಾರರು ನನ್ನ ಮೇಲೆ ಹರಿಹಾಯ್ದರು. ಅಪ್ರದಕ್ಷಿಣ ಹಾಕಿ ಎಂದು ಅರ್ಚಕರಿಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ. "ಅವತ್ತು ನೀವೇ ಮಾತಾಡಿ, ಮೇಷ್ಟ್ರೇ. ಇವರು ಹಾರ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ಲಿ. ಸರಿಹೋದ್ರೆ ಕಾಗದ ಬರೀತೀನಿ."

ಅಂದರೆ ನನ್ನ ಕೆಲಸಕ್ಕೆ ಕುತ್ತು ಬಂದಿರಲಿಲ್ಲ. ಇನ್ನೂ ಸುಲಭವೇ ಆಗಿತ್ತು. ಆದರೂ ನನ್ನ ಮುಂಗೋಪ ಎಲ್ಲಿ ಹೋಗುತ್ತದೆ? ಅಮಲ್ದಾರರು ಹೋದ ಮೇಲೆ ಆ ಹಿರಿಯರ ಮೇಲೆ ಕೂಗಾಡಿದೆ. "ಎರಡು ತಿಂಗಳು ಸುಮ್ಮನೆ ಕೂತಿದ್ರಲ್ಲ, ಒಂದು ಮಾತು ಹೇಳಬಾರದಿತ್ತೇ?" ಅವರು ತಲೆ ತಗ್ಗಿಸಿ ಸಂಜೆಯ ಪೂಜೆಗೆ ನೀರು ತರಲು ಹೋದರು.

ರಾತ್ರಿ ಊಟಕ್ಕೆ ಬಡಿಸುತ್ತ ಅವರ ಹೆಂಡತಿ ಹೇಳಿದರು. "ಗುರುಗಳ ಪಾಠ ತಿದ್ದೋದು ಹ್ಯಾಗೆ ಅಂತ ಒದ್ದಾಡ್ತಿದ್ರಪ್ಪ. ಹೇಳ್ಬಿಡಿ ಅಂದೆ. ಗುರು ದಾರಿ ತಪ್ಪಿದ್ರೆ ಶಿಷ್ಯ ಸುತ್ತಿ ಬರಬೇಕು ಕಣೇ, ಎದುರು ನಡೀಬಾರದು ಅಂದ್ರು. ಹದಿನೈದು ದಿನದಿಂದ ಬೆಳಗಿನ ಜಾವ ಎದ್ದು ಹನ್ನೊಂದು ಸುತ್ತು ಅಭ್ಯಾಸ ಮಾಡ್ತಿದ್ರು. ಆ ಮಂಡಿ ಇಟ್ಕೊಂಡು."

ಇಪ್ಪತ್ತಮೂರು ವರ್ಷದ ನನ್ನನ್ನು ಆ ಮುದುಕರು ನಿಜವಾಗಿಯೂ ಗುರು ಅಂದುಕೊಂಡಿದ್ದರು. ನಾನು ಅವರನ್ನು ಒಂದು ಕಾಗದಕ್ಕೆ ದಾರಿ ಅಂದುಕೊಂಡಿದ್ದೆ. ನಾಚಿಕೆಯಾಯಿತು.

ಮಾರನೆಯ ದಿನ ಶುಕ್ರವಾರ, ಹಳೇಬೀಡಿಗೆ ಹೋದೆ. ಕಾವಲುಗಾರನಿಗೆ ನಡೆದದ್ದು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಂಗೆ ಮೊದ್ಲೇ ಅನ್ಸಿತ್ತು ಮೇಷ್ಟ್ರೇ. ನೀವು ಬರ್ದಂಗೆ ಹೋದ್ರೆ ಮೊದ್ಲು ಕೋತಿಗಳು ಸೇತ್ವೆ ಕಟ್ಬುಡ್ತವೆ, ಆಮ್ಯಾಕೆ ಮಾಯಾಜಿಂಕೆ ಬತ್ತದೆ. ಸೀತಮ್ಮ ಕಳುವಾಗಕ್ಕೆ ಮುಂಚೆ ಯಾರಾದ್ರೂ ಸೇತ್ವೆ ಕಟ್ತಾರಾ?"

"ಹೇಳಬಾರದಿತ್ತೇನಯ್ಯ?"

"ಇಂಗ್ಲೀಸ್‌ನಾಗೆ ಹಂಗೇ ಇರ್ಬೋದು ಅನ್ಕಂಡೆ," ಅಂದ. ಆಮೇಲೆ ನನ್ನನ್ನು ಎಡಕ್ಕೆ ಕರೆದುಕೊಂಡು ಹೊರಟ. "ಬನ್ನಿ, ಕಲ್ಲು ಕೆತ್ತಿದೋರು ಹಿಂಗೇ ನಡ್ಕಂಡು ಬರೋರಿಗೆ ಅಂತ ಕೆತ್ತವ್ರೆ. ಕಥೆ ಇಲ್ಲಿಂದ ಐತೆ."

ನಿಜ. ಅವನ ಹಿಂದೆ ನಡೆದರೆ ಜಿಂಕೆ ಮೊದಲು ಬಂತು, ಸೇತುವೆ ಆಮೇಲೆ ಬಂತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನ ಒಕ್ಕಾಲಿನ ಬೆಲೆ ಅವತ್ತು ಗೊತ್ತಾಯಿತು. ಹಿಂದಿರುಗುವ ಬಸ್ಸಿನಲ್ಲಿ ಕೂತಾಗಲೇ ನಿಶ್ಚಯಿಸಿದೆ. ಅತಿಥಿಗಳ ಮುಂದೆ ಮಾತಾಡುವವರು ಅರ್ಚಕರೇ. ಅಮಲ್ದಾರರಿಗೆ ಮೊದಲೇ ತಿಳಿಸಿದರೆ ಬೇಡ ಎನ್ನುತ್ತಾರೆ. ಹಾಗಾಗಿ ತಿಳಿಸುವುದೇ ಬೇಡ. ಕಾಗದ ಹೋದರೆ ಹೋಗಲಿ ಎಂದು ಧೈರ್ಯವಾಗಿ ಹೇಳಿಕೊಂಡೆ. ಹೇಳಿಕೊಂಡ ಮರುಕ್ಷಣವೇ ಮೂಗಿಗೆ ಕೊಬ್ಬರಿ ಮಂಡಿಯ ವಾಸನೆ ಬಡಿಯಿತು.

ಅರ್ಚಕರ ಮುಂದೆ ಕೈಮುಗಿದು, "ತಪ್ಪು ನನ್ನದು. ನಾಳೆಯಿಂದ ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ. ನೀವು ಎಲ್ಲಿ ನಿಲ್ತೀರೋ ಅಲ್ಲಿಗೆ ಪಾಠ ಹೊಂದಿಸ್ತೀನಿ," ಅಂದೆ. ಬಾಯಿಪಾಠವಾದ ಸರಪಣಿಯನ್ನು ವಾರದಲ್ಲಿ ತಿರುಗಿಸಿ ಹೇಳಲು ಆಗುತ್ತದೆಯೇ ಎಂಬ ಭಯವಿತ್ತು. ಅವರು ಮೊದಲ ಸಲ ನನ್ನೆದುರು ಜೋರಾಗಿ ನಕ್ಕರು. "ಕ್ರಮ, ಜಟೆ, ಘನ ಅಂತ ಒಂದೇ ಮಂತ್ರಾನ ಹಿಂದುಮುಂದು ಹೆಣೆದು ಹೇಳೋರು ನಾವು. ಇದೇನು ಮಹಾ!" ಎರಡೇ ದಿನದಲ್ಲಿ ಹನ್ನೆರಡನೆಯದು ಎರಡನೆಯದಾಯಿತು, ಎರಡನೆಯದು ಹನ್ನೆರಡನೆಯದಾಯಿತು.

ಸಂಜೆ ಪೂಜೆಗೆ ಮುಂಚೆ ಅವರು ಮುಂದೆ, ನಾನು ಹಿಂದೆ. ನನ್ನ ಅಂಗಾಲಿನಲ್ಲಿ ಬೊಬ್ಬೆ ಎದ್ದವು. ಅವರು ನಿಲ್ಲುತ್ತಿದ್ದುದು ನಾನು ಗುರುತು ಹಾಕಿದ ಜಾಗಗಳಲ್ಲೇ ಅಲ್ಲ. ಪಶ್ಚಿಮದ ಗೋಡೆಯ ಬಳಿ ಒಂದು ಕಡೆ ನಿಂತು, "ಸ್ವಲ್ಪ ತಾಳಿ ಮೇಷ್ಟ್ರೇ, ಇಳಿಬಿಸಿಲು ಬೀಳಲಿ," ಅಂದರು. ಓರೆಬಿಸಿಲು ಬಿದ್ದಾಗ ಆನೆಗಳ ಸಾಲು ಕಾಲೆತ್ತಿ ನಡೆದ ಹಾಗೆ ಕಂಡಿತು. ಎರಡು ತಿಂಗಳಿನಿಂದ ಅದೇ ಗುಡಿಯ ನೆರಳಿನಲ್ಲಿ ಕೂತಿದ್ದ ನಾನು ಆನೆಗಳನ್ನು ಅವತ್ತೇ ನೋಡಿದ್ದು. ಪೂರ್ವದ ಗೋಡೆಯ ಪಾಠದಿಂದ ಆನೆಗಳನ್ನು ಕಿತ್ತು ಅಲ್ಲಿಗೆ ಸೇರಿಸಿದೆ.

ಒಂದೇ ಒಂದು ತೊಡಕು ಕೊನೆಯವರೆಗೂ ಉಳಿಯಿತು. ಮಧ್ಯದಲ್ಲಿ ಪ್ರಶ್ನೆ ಕೇಳಿದರೆ ಅವರು ಈಗಲೂ ಮೊದಲ ವಾಕ್ಯಕ್ಕೇ ಓಡುತ್ತಿದ್ದರು. ನಾನು ಬೇಕೆಂದೇ ತಡೆದು ತಡೆದು ಅಭ್ಯಾಸ ಮಾಡಿಸಿದೆ. ಪ್ರಯೋಜನವಾಗಲಿಲ್ಲ. ಯಾರೂ ಏನೂ ಕೇಳದಿರಲಪ್ಪಾ ಎಂದು ಆ ದೇವರನ್ನೇ ಬೇಡಿಕೊಂಡೆ.

ಅತಿಥಿಗಳು ಅರಸೀಕೆರೆಯಲ್ಲಿ ರೈಲಿಳಿದು ಎರಡು ಕಾರುಗಳಲ್ಲಿ ಇಳಿಹೊತ್ತಿಗೆ ಬಂದರು. ನಾಲ್ಕು ಜನ, ಅವರಲ್ಲಿ ಒಬ್ಬಾಕೆ ವಯಸ್ಸಾದ ಹೆಂಗಸು, ಊರುಗೋಲು ಹಿಡಿದಿದ್ದರು. ಹಾರ ಹಾಕಿದ್ದಾಯಿತು. ಅಮಲ್ದಾರರು ನನ್ನ ಕಡೆ ನೋಡಿ ಶುರು ಮಾಡಿ ಎಂಬಂತೆ ಕೆಮ್ಮಿದರು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಅರ್ಚಕರ ಬೆನ್ನ ಹಿಂದೆ ನಿಂತೆ. ಅಮಲ್ದಾರರ ಮುಖ ಕೆಂಪಾಯಿತು.

"ಪ್ಲೀಸ್ ವಾಕ್ ಬಿಹೈಂಡ್ ಮಿ, ಸರ್." ಗಂಟೆ ಮೊಳಗಿತು. ಅರ್ಚಕರು ಎಡಕ್ಕೆ ತಿರುಗಿದರು, ನಾವೆಲ್ಲ ಹಿಂದೆ ನಡೆದೆವು. ಪಾಠ ಹೂವಿನ ಸರ ಬಿಚ್ಚಿದ ಹಾಗೆ ಬಂತು. ಪಶ್ಚಿಮದ ಗೋಡೆಯ ಹತ್ತಿರ ಆನೆಗಳ ಕಾಲುಗಳು ಆಡಿದಾಗ ಅತಿಥಿಗಳು ಆಹಾ ಎಂದರು. ಅಷ್ಟರಲ್ಲಿ ಆ ಹಿರಿಯ ಹೆಂಗಸು, ವಾಕ್ಯದ ನಟ್ಟನಡುವೆ, ನೀವು ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂದು ಕೇಳಿಯೇಬಿಟ್ಟರು.

ಅರ್ಚಕರ ಬಾಯಿ ತೆರೆದದ್ದು ಹಾಗೇ ನಿಂತಿತು. ಮೊದಲ ವಾಕ್ಯಕ್ಕೆ ಹೋದರೆ ಎಲ್ಲರನ್ನೂ ಮತ್ತೆ ಪೂರ್ವದ ಬಾಗಿಲಿಗೆ ಕರೆದೊಯ್ಯುತ್ತಾರೆ. ಅಮಲ್ದಾರರ ಕಣ್ಣು ನನ್ನನ್ನು ಚುಚ್ಚುತ್ತಿತ್ತು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ವಾಕ್ಯ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು, ನನ್ನ ಕಾಗದವೂ ಭದ್ರ. ಅರ್ಚಕರು ತಿರುಗಿ ನನ್ನನ್ನು ನೋಡಿದರು. ಅವರ ಪಾಠದಲ್ಲಿ ಆ ವಾಕ್ಯವಿರಲಿಲ್ಲ, ಆದರೆ ಪದಗಳೆಲ್ಲ ಅವರ ಹತ್ತಿರ ಇದ್ದವು. ನಾನು ಮಾತಾಡಲಿಲ್ಲ, ತಲೆಯಾಡಿಸಿದೆ ಅಷ್ಟೇ. ನಾನು ಬಾಯಿ ಮುಚ್ಚಿಕೊಂಡ ಸಂದರ್ಭಗಳು ಜೀವಮಾನದಲ್ಲಿ ಕಡಿಮೆ.

ಅವರು ಎದೆಯ ಮೇಲೆ ಕೈಯಿಟ್ಟು, "ಮಿ," ಅಂದರು. ಆಮೇಲೆ ಜಪ ಎಣಿಸುವ ಹಾಗೆ ಹೆಬ್ಬೆರಳನ್ನು ಬೆರಳಿನ ಗೆಣ್ಣಿಗೆ ಒತ್ತಿ, "ಮೈ ಫಾದರ್." ಮುಂದಿನ ಗೆಣ್ಣು. "ಹಿಸ್ ಫಾದರ್." ಮುಂದಿನದು. "ಹಿಸ್ ಫಾದರ್." ಆಕೆ ಮೊದಲು ನಕ್ಕರು. ಅರ್ಚಕರು ನಿಲ್ಲಿಸಲಿಲ್ಲ. ಒಂದು ಕೈಯ ಗೆಣ್ಣುಗಳೆಲ್ಲ ಮುಗಿದು ಇನ್ನೊಂದು ಕೈ ಎತ್ತಿದಾಗ ಆಕೆಯ ನಗು ನಿಂತಿತ್ತು. ಎರಡನೆಯ ಕೈಯೂ ಮುಗಿಯುವ ಹೊತ್ತಿಗೆ ಆಕೆ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದ್ದರು. ಅರ್ಚಕರು ತಲೆಬಾಗಿ, ಬಿಟ್ಟ ವಾಕ್ಯವನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡು ಮುಂದೆ ನಡೆದರು. ನನಗೆ ಕಣ್ಣು ಮಂಜಾಗಿ ಮುಂದಿನ ಎರಡು ಪಾಠ ಕೇಳಿಸಲೇ ಇಲ್ಲ.

ಕಾರುಗಳು ಹೋದ ಮೇಲೆ ಅಮಲ್ದಾರರು ಅರ್ಚಕರಿಗೆ ಕೈಮುಗಿದರು. ನನಗೆ ಮಾತ್ರ, "ಹೇಳಿದ್ದು ಕೇಳೋ ಅಭ್ಯಾಸ ಇಲ್ಲ ನಿಮಗೆ," ಅಂದರು. ಮಾರನೆಯ ದಿನ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆಂದು ಅರೇಹಳ್ಳಿ ಕಡೆ ಹೊರಟುಹೋದರು. ಎರಡು ಸಲ ಕಚೇರಿಗೆ ಹೋದೆ. ಸಾಹೇಬರು ಇನ್ನೂ ಬಂದಿಲ್ಲ ಎಂದು ಗುಮಾಸ್ತ ಹೇಳಿದ. ಕಾಗದ ಬರಲಿಲ್ಲ, ಜೂನ್ ಬಂತು.

ಟ್ರಂಕು ಕಟ್ಟುತ್ತಿದ್ದಾಗ ಅರ್ಚಕರು ಬಂದು, ಹಳೆಯ ಲಗ್ನಪತ್ರಿಕೆಯೊಂದನ್ನು ಮಡಿಸಿ ದಾರ ಕಟ್ಟಿದ್ದನ್ನು ಕೊಟ್ಟರು. "ದೊಡ್ಡವರ ಕಾಗದ ಎಲ್ಲಾ ಇದೆಯಂತಲ್ಲ ನಿಮ್ಮ ಹತ್ತಿರ, ನನ್ನದೂ ಒಂದಿರಲಿ. ಅಲ್ಲಿ ಹೋಗಿ ಬಿಚ್ಚಿ." ಅವರ ಹೆಂಡತಿ ದಾರಿಗೆ ಅವಲಕ್ಕಿ ಕಟ್ಟಿಕೊಟ್ಟರು. ನಾನು ಇಬ್ಬರಿಗೂ ನಮಸ್ಕಾರ ಮಾಡಲು ಬಗ್ಗಿದರೆ ಆ ಮುದುಕರು ನನಗಿಂತ ಮುಂಚೆ ಬಗ್ಗಲು ಹೋದರು. ಅವರನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕಾಯಿತು.

ಅರಸೀಕೆರೆಯ ಹೆಡ್‌ಮಾಸ್ಟರ ಕೋಣೆಯಲ್ಲಿ ಮತ್ತೆ ನಿಂತೆ. ಮಾವನ ಮಂಡಿಗೆ ಅಲ್ಲಿಂದ ಐದು ನಿಮಿಷದ ದಾರಿ. ಅವರು ನಾನು ಕೊಟ್ಟ ಕಟ್ಟಿನಿಂದ ಒಂಬತ್ತು ಕಾಗದ ತೆಗೆದು ಬದಿಗಿಟ್ಟರು. ಹತ್ತನೆಯದು ದಾರ ಕಟ್ಟಿದ ಲಗ್ನಪತ್ರಿಕೆ. ನಾಚಿಕೆಯಿಂದ ಕೈ ಚಾಚಿದೆ. ಅವರು ಆಗಲೇ ದಾರ ಬಿಚ್ಚಿದ್ದರು.

ಹಿಂಬದಿಯ ಖಾಲಿ ಜಾಗದಲ್ಲಿ ಬರೆದಿತ್ತು. ಭಾಷೆ ಇಂಗ್ಲಿಷು, ಅಕ್ಷರ ಕನ್ನಡ. ಹೆಡ್‌ಮಾಸ್ಟರು ಗಟ್ಟಿಯಾಗಿ ಓದಿದರು.

"ದಿಸ್ ಈಸ್ ಮೈ ಗುರು. ಹಿ ವಾಕ್ ಬಿಹೈಂಡ್ ಮಿ."

ಮತ್ತೊಮ್ಮೆ ಓದಿದರು. "ಗುರು ಶಿಷ್ಯನ ಹಿಂದೆ ನಡೆದನೇ?"

"ಹೌದು ಸಾರ್," ಅಂದೆ. "ದಾರಿ ಅವರಿಗೆ ಗೊತ್ತಿತ್ತು."

ಅವರು ಒಂಬತ್ತು ಕಾಗದಗಳನ್ನು ಮೂಲೆಗೆ ಮೂಲೆ ಜೋಡಿಸಿ ನನ್ನ ಕೈಗೆ ವಾಪಸ್ಸು ಕೊಟ್ಟರು. ಹತ್ತನೆಯದನ್ನು ಮೇಜಿನ ಮೇಲೆ ತಮ್ಮ ಹತ್ತಿರವೇ ಇಟ್ಟುಕೊಂಡರು. ಆಮೇಲೆ ಎದುರಿಗಿದ್ದ ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ, ಮೇಷ್ಟ್ರೇ."